ಮೊದಲು ನಾತ, ಆಮೇಲೆ ಗ್ಲಾಸು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಉದ್ದನೆಯ ಬಿಳಿ ಕೋಣೆ, ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜು. ಗೋಡೆಯ ಮೇಲೆ ಒಂದು ಪಟವೂ ಇಲ್ಲ. ಇಲ್ಲಿ ಹೂದಾನಿ ಇಡುವಂತಿಲ್ಲ, ಸೆಂಟು ಹಾಕಿಕೊಂಡವರು ಕಾಲಿಡುವಂತಿಲ್ಲ, ನೆಲ ಒರೆಸುವ ನೀರಿಗೆ ಫಿನಾಯಿಲ್ ಹಾಕುವಂತಿಲ್ಲ. ಇಷ್ಟೆಲ್ಲ ಕಟ್ಟುಪಾಡಿರುವ ಕೋಣೆಗೆ ಬೆಳಗ್ಗೆ ಎಲ್ಲರಿಗಿಂತ ಮೊದಲು ಬರುವ ಹೆಂಗಸು ಏನು ಮಾಡುತ್ತಾರೆ ಗೊತ್ತೆ? ಹಿಂದಿನ ತೊಳೆಯುವ ಮನೆಯ ಗೂಡಿನಿಂದ ಒಂದು ಗಾಜಿನ ಭರಣಿ ತೆಗೆದು, ಬಿಗಿಯಾದ ಮುಚ್ಚಳ ತಿರುಗಿಸಿ, ಒಳಗಿರುವ ಮುಗ್ಗಲು ಹಿಡಿದ ಒದ್ದೆ ಬಟ್ಟೆಯ ನಾತವನ್ನು ಕಣ್ಣು ಮುಚ್ಚಿ ಎದೆ ತುಂಬ ಎಳೆದುಕೊಳ್ಳುತ್ತಾರೆ! ಪಕ್ಕದಲ್ಲಿ ನಿಂತವರು ಮೂಗು ಮುಚ್ಚಿಕೊಳ್ಳುತ್ತಾರೆ. ಆ ಹೆಂಗಸಿನ ಮುಖ ಮಾತ್ರ ಅರಳುತ್ತದೆ.

"ಬಂತು," ಅನ್ನುತ್ತಾರೆ. "ನಾತ ಬಂತು. ಇನ್ನು ಗ್ಲಾಸು ಮುಟ್ಟಬಹುದು."

ಭರಣಿಯ ಮುಚ್ಚಳ ಬಿಗಿದು, ಕೈ ತೊಳೆದು, ಅಂಗಳದ ತುದಿಯವರೆಗೆ ಹೋಗಿ ಒಂದಷ್ಟು ತಣ್ಣನೆಯ ಗಾಳಿ ಕುಡಿದು ಬಂದ ಮೇಲೆ ಅವರ ನಿಜವಾದ ಕೆಲಸ ಶುರುವಾಗುತ್ತದೆ. ಅವರನ್ನು ಇಲ್ಲಿ ಎಲ್ಲರೂ ಕರೆಯುವುದು ಗ್ಲಾಸಕ್ಕ ಅಂತ. ಇದು ವೈನು ವ್ಯಾಪಾರಿಯೊಬ್ಬರ ರುಚಿಕೋಣೆ. ದೂರದೂರದಿಂದ ಬಂದ ವೈನನ್ನು ನುರಿತವರು ಇಲ್ಲಿ ಕುಳಿತು ನೋಡಿ, ಮೂಸಿ, ಬಾಯಲ್ಲಿ ಹೊರಳಿಸಿ, ಇದು ಇಂಥ ದರ್ಜೆಯದು ಎಂದು ತೀರ್ಪು ಕೊಡುತ್ತಾರೆ. ಅವರ ಕೈಗೆ ಹೋಗುವ ಗ್ಲಾಸಿನಲ್ಲಿ ಯಾವ ವಾಸನೆಯೂ ಇರಬಾರದು. ಸೋಪಿನದು ಬೇಡ, ಬಟ್ಟೆಯದು ಬೇಡ, ಕಪಾಟಿನದೂ ಬೇಡ. ಗ್ಲಾಸಕ್ಕ ಬಿಸಿನೀರಿನಲ್ಲಿ ತೊಳೆಯುತ್ತಾರೆ, ಸೋಪಿಲ್ಲದೆ ಕುದಿಸಿ ಬಿಸಿಲಲ್ಲಿ ಒಣಗಿಸಿದ ಬಟ್ಟೆಯಲ್ಲಿ ಒರೆಸುತ್ತಾರೆ, ಕಡ್ಡಿಯಂಥ ಕಾಲು ಹಿಡಿದು ಬೆಳಕಿಗೆ ಎತ್ತಿ ನೋಡುತ್ತಾರೆ, ಕೊನೆಗೆ ಗ್ಲಾಸಿನ ಬಾಯಿಗೆ ಮೂಗು ಇಟ್ಟು ಮೂಸುತ್ತಾರೆ. ಏನೂ ಸಿಗದಿದ್ದರೆ ಗ್ಲಾಸು ಮೇಜಿಗೆ, ಏನಾದರೂ ಸಿಕ್ಕರೆ ಮತ್ತೆ ಬಿಸಿನೀರಿಗೆ.

ದೊಡ್ಡ ರುಚಿ ನೋಡುವ ದಿನಗಳಲ್ಲಿ ನೂರಕ್ಕೂ ಹೆಚ್ಚು ಗ್ಲಾಸುಗಳು ಹೀಗೆ ಅವರ ಮೂಗಿನಡಿ ಹಾದುಹೋಗುತ್ತವೆ. "ನನ್ನ ಕೆಲಸ ಏನು ಅಂತ ಕೇಳಿದ್ರೆ ಜನ ನಗ್ತಾರೆ. ಏನೂ ಇಲ್ಲದೇ ಇರೋದನ್ನ ಹುಡುಕೋ ಕೆಲಸ ಅಂತೀನಿ," ಎಂದು ನಗುತ್ತಾರೆ. ಬಿಸಿನೀರಿನಲ್ಲಿ ಮುಳುಗಿ ಮುಳುಗಿ ಬೆರಳುಗಳ ತುದಿ ಒಡೆದಿವೆ. ಎಡಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಹಳೆಯ ಗಾಯದ ಗೆರೆ; ಗ್ಲಾಸಿನ ಕಾಲು ಮುರಿದು ಹೊಕ್ಕಿದ್ದಂತೆ. ಅದಕ್ಕೆ ಮುಲಾಮು ಹಚ್ಚಲೂ ಕಷ್ಟ, ಮುಲಾಮಿಗೂ ವಾಸನೆ ಇರುತ್ತದಲ್ಲ.

ಇದಕ್ಕೂ ಮೊದಲು ಅವರು ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಇದೇ ವ್ಯಾಪಾರಿಯ ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ, ಒಬ್ಬನೇ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಇಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದರು. ಮೊದಲ ದಿನ ಬಾಗಿಲ ಸಂದಿಯಿಂದ ಕಂಡದ್ದನ್ನು ಹೇಳುವಾಗ ಈಗಲೂ ಅವರ ಕಣ್ಣು ಅಗಲವಾಗುತ್ತದೆ. "ಬಾಟ್ಲಿಯನ್ನ ಕೂಸಿನ ಥರ ಎತ್ಕೊಂಡು ಬಂದ್ರು. ಬಗ್ಗಿಸಿದ್ರು. ಬಾಯಿಗೆ ಹಾಕ್ಕೊಂಡು ಗುಳುಗುಳು ಅನ್ನಿಸಿದ್ರು. ಆಮೇಲೆ ಪುಚಕ್ ಅಂತ ಬಕೆಟ್ಟಿಗೆ ಉಗುಳಿಬಿಟ್ರು! ಅಷ್ಟು ದುಬಾರಿ ಸಾಮಾನು! ಕೆಟ್ಟುಹೋಗಿದೆ ಅಂದ್ಕೊಂಡೆ. ಮೆಚ್ಕೊಂಡ್ರೂ ಉಗುಳ್ತಾರೆ ಅಂತ ತಿಳಿಯೋಕೆ ದಿನ ಹಿಡೀತು."

ಹತ್ತಾರು ವೈನು ನೋಡಬೇಕಾದವರು ಎಲ್ಲವನ್ನೂ ಕುಡಿದರೆ ಮಧ್ಯಾಹ್ನದ ಹೊತ್ತಿಗೆ ಮೇಜಿನ ಕೆಳಗಿರುತ್ತಾರೆ, ಅದಕ್ಕೇ ಈ ಉಗುಳಾಟ. ಗ್ಲಾಸಕ್ಕನಿಗೆ ಕಸ ಗುಡಿಸಿ ಬಕೆಟ್ಟು ಚೆಲ್ಲುವ ಕೆಲಸದಿಂದ ಗ್ಲಾಸು ತೊಳೆಯುವ ಕೆಲಸಕ್ಕೆ ಬಡ್ತಿ ಕೊಟ್ಟದ್ದು ಅವರ ಮೂಗು. ಪಕ್ಕದ ಓಣಿಯಲ್ಲಿ ಯಾರ ಮನೆಯ ಹಾಲು ಉಕ್ಕಿ ಒಲೆಗೆ ಬಿತ್ತು ಎಂದು ಕೂತಲ್ಲೇ ಹೇಳುವ ಮೂಗು ಅದು. ಮಗ ಬೆಳೆದು ಮದುವೆಯಾದ ಮೇಲೆ, ಮನೆಯಲ್ಲಿ ಸೊಸೆ ಒಲೆಯ ಮುಂದೆ ನಿಂತು ದಿನವೂ ಕೂಗುತ್ತಿದ್ದಳಂತೆ: "ಅತ್ತೆ, ಒಂಚೂರು ಬಂದು ನೋಡಿ, ಸರಿ ಇದೆಯಾ?" ಗ್ಲಾಸಕ್ಕ ಹೋಗಿ ಪಾತ್ರೆಯ ಮೇಲೆ ಬಗ್ಗಿ, ಆವಿ ಮೂಸಿಯೇ ಏನು ಹೆಚ್ಚು ಏನು ಕಡಿಮೆ ಎಂದು ಹೇಳುತ್ತಿದ್ದರು. ಅತ್ತೆ ಸೊಸೆಯರ ನಡುವಿನ ಮಾತು ಶುರುವಾಗುತ್ತಿದ್ದುದೇ ಅಲ್ಲಿಂದ.

ಇಂಥ ಮೂಗು ಒಂದು ದಿನ ಹೇಳದೆ ಕೇಳದೆ ಹೊರಟುಹೋಯಿತು. ಹೋದದ್ದು ಅದರ ಒಡತಿಗೇ ಗೊತ್ತಾಗಲಿಲ್ಲ!

ಅದು ಹೇಗೆ ಸಾಧ್ಯ ಎಂದು ಯಾರಿಗಾದರೂ ಅನ್ನಿಸುತ್ತದೆ. ಕೇಳಿ. ಜೋರು ನೆಗಡಿ ಜ್ವರ ಬಂದು ಒಂದು ವಾರ ಮಲಗಿದ್ದರು. ಎದ್ದರು. ಮೂಗು ಕಟ್ಟಿದ್ದು ಬಿಟ್ಟಿತು, ಉಸಿರು ಸರಾಗವಾಯಿತು. ಕೆಲಸಕ್ಕೆ ಬಂದರು, ತೊಳೆದರು, ಒರೆಸಿದರು, ಮೂಸಿದರು. ಏನೂ ವಾಸನೆಯಿಲ್ಲ. ಇನ್ನೊಂದು ಮೂಸಿದರು, ಅದರಲ್ಲೂ ಇಲ್ಲ. ವಾಸನೆ ಇಲ್ಲದಿರುವುದೇ ಒಳ್ಳೆಯ ಗ್ಲಾಸಿನ ಗುರುತಾದರೆ, ಮೂಗು ಸತ್ತವರಿಗೆ ಲೋಕದ ಗ್ಲಾಸುಗಳೆಲ್ಲ ಒಳ್ಳೆಯವೇ ಅಲ್ಲವೆ? "ಆ ದಿನಗಳಲ್ಲಿ ಒಂದು ಗ್ಲಾಸೂ ವಾಪಸ್ ಹಾಕಲಿಲ್ಲ. ಕೈ ಪಳಗಿಬಿಡ್ತು ಅಂತ ಒಳಗೊಳಗೇ ಬೀಗ್ತಿದ್ದೆ," ಎಂದು ತಲೆ ಚಚ್ಚಿಕೊಳ್ಳುತ್ತಾರೆ.

ಮನೆಯಲ್ಲಿ ಮಾತ್ರ ಊಟ ರುಚಿಸುತ್ತಿರಲಿಲ್ಲ. ತಪ್ಪು ಯಾರದು? ಸೊಸೆಯದು! ಒಂದು ರಾತ್ರಿ ಊಟಕ್ಕೆ ಕೂತಾಗ ಮಗನೆದುರೇ ತಟ್ಟೆ ದೂಡಿ, "ಮಣ್ಣು ತಿಂದ ಹಾಗಿದೆ, ಇದನ್ನ ಯಾರು ತಿಂತಾರೆ," ಎಂದುಬಿಟ್ಟರು. ಸೊಸೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮರುದಿನದಿಂದ ಒಲೆಯ ಮುಂದಿನಿಂದ "ಅತ್ತೆ, ಬಂದು ನೋಡಿ" ಎಂಬ ಕೂಗು ನಿಂತುಹೋಯಿತು.

ಆಗಲೇ ಬಂದದ್ದು ಆ ಬೋರ್ಡೋ. ಹೆಸರು ಕೇಳಿದೊಡನೆ ನಮ್ಮಲ್ಲಿ ಅನೇಕರಿಗೆ ತೋಟಕ್ಕೆ ಹೊಡೆಯುವ ನೀಲಿ ದ್ರಾವಣ ನೆನಪಾಗುತ್ತದೆ. ಆ ಔಷಧಿಗೆ ಹೆಸರು ಕೊಟ್ಟ ಸೀಮೆಯದೇ ಕೆಂಪು ವೈನು ಇದು. ಒಳ್ಳೆಯ ವರ್ಷದ್ದಾದರೆ ಕತ್ತಲಲ್ಲಿ ಅಡ್ಡ ಮಲಗಿಸಿ ದಶಕಗಟ್ಟಲೆ ಕಾಯಬೇಕು. ಎಳೆಯದರಲ್ಲಿ ನಾಲಿಗೆ ಹಿಡಿಯುವ ಒಗರು ಮೆಲ್ಲಗೆ ಮೆತ್ತಗಾಗುತ್ತ ಬರುತ್ತದೆ. ವ್ಯಾಪಾರಿಯ ನೆಲಮಾಳಿಗೆಯಲ್ಲಿ ಅಂಥ ಆರು ಬಾಟಲಿಗಳ ಒಂದು ಮರದ ಪೆಟ್ಟಿಗೆ ಇತ್ತು. ಅದನ್ನು ಕಾದವರು ನೆಲಮಾಳಿಗೆಯ ಕಾವಲಿನ ಹಿರಿಯರು. ಬಿಸಿಲಿಗಿಂತ ಕತ್ತಲಲ್ಲೇ ಹೆಚ್ಚು ಬದುಕಿದ ಇವರಿಗೆ ಪಾತಾಳಣ್ಣ ಎಂದು ಹೆಸರು. ಬೇಸಿಗೆಯಲ್ಲಿ ನೆಲಕ್ಕೆ ನೀರು ಚಿಮುಕಿಸಿ, ಚಳಿಯಲ್ಲಿ ಕಿಂಡಿಗೆ ಗೋಣಿ ತುರುಕಿ, ಹೆಂಡತಿಯ ಹೆರಿಗೆಯ ದಿನವೂ ಒಮ್ಮೆ ಇಳಿದು ನೋಡಿ ಬಂದವರು.

ಪೆಟ್ಟಿಗೆ ಮಾರುವ ಮುನ್ನ ಒಂದು ಬಾಟಲಿ ತೆರೆದು ದರ್ಜೆ ಕಟ್ಟಬೇಕೆಂದು ವ್ಯಾಪಾರಿ ನಿಶ್ಚಯಿಸಿದರು. ಸೂರ್ಯ ಮುಖ ತೋರಿಸದ ವಾರ ಅದು. ಗ್ಲಾಸಕ್ಕನ ಒರೆಸುವ ಬಟ್ಟೆಗಳು ಹಗ್ಗದ ಮೇಲೆ ಅರ್ಧ ಒಣಗಿ, ಮಡಿಕೆಯಾಗಿ ಕಪಾಟು ಸೇರಿ ಮುಗ್ಗಲು ಹಿಡಿದಿದ್ದವು. ಹಿಂದೆಲ್ಲ ಮಡಿಕೆ ಬಿಚ್ಚುವ ಮೊದಲೇ ಅವರ ಮೂಗಿಗೆ ಅದು ಬಡಿಯುತ್ತಿತ್ತು. ಈ ಸಲ ಅದೇ ಬಟ್ಟೆಯಲ್ಲಿ ಪ್ರತಿ ಗ್ಲಾಸಿನ ಒಳಗೂ ಕೈ ತಿರುಗಿಸಿ ಫಳಫಳ ಹೊಳೆಯಿಸಿಟ್ಟರು.

ಮುಂದಿನದನ್ನು ರುಚಿಗಾರರಲ್ಲಿ ಹಿರಿಯರಾದ, ಎಲ್ಲರೂ ದೊಡ್ಡ ಸಾರ್ ಎನ್ನುವವರ ಬಾಯಿಂದಲೇ ಕೇಳಬೇಕು. "ಬಿಳಿ ಬಟ್ಟೆ ಮೇಲೆ ಗ್ಲಾಸು ಓರೆ ಮಾಡಿ ಹಿಡಿದ್ರೆ ಅಂಚಿನಲ್ಲಿ ಸುಟ್ಟ ಇಟ್ಟಿಗೆ ಬಣ್ಣ, ನಡುವೆ ಇನ್ನೂ ಗಾಢ ಕೆಂಪು. ಕಣ್ಣಿಗೆ ಹಬ್ಬ. ಅಲ್ಲಾಡಿಸಿ ಮೂಗಿಗೆ ಹಿಡಿದೆ, ಮುಗ್ಗಲು! ಒದ್ದೆ ರಟ್ಟಿನ ವಾಸನೆ. ಬಿರಡೆ ಕೆಟ್ರೆ ವೈನಿಗೆ ಇದೇ ವಾಸನೆ ಬರುತ್ತೆ. ಸರಿ, ಇದೊಂದು ಬಾಟ್ಲಿ ಹೋಯ್ತು ಅಂತ ಇನ್ನೊಂದು ತೆಗೆಸಿದೆವು. ಅದೂ ಹಾಗೇ. ಗ್ಲಾಸು ಬದಲಾಯಿಸಿದೆವು." ಬದಲಾಯಿಸಿದ ಗ್ಲಾಸನ್ನು ಒರೆಸಿದ್ದೂ ಅದೇ ಬಟ್ಟೆಯಲ್ಲಿ. ಮೂರನೆಯದು, ನಾಲ್ಕನೆಯದು, ಐದನೆಯದು, ಎಲ್ಲವೂ ಮುಗ್ಗಲು. ಒಂದು ಬಾಟಲಿ ಕೆಟ್ಟರೆ ಬಿರಡೆಯ ತಪ್ಪು. ಸಾಲಾಗಿ ಐದು ಕೆಟ್ಟರೆ ನೆಲಮಾಳಿಗೆಯೇ ಕೆಟ್ಟಿದೆ ಎಂದರ್ಥ. ವ್ಯಾಪಾರಿ ಪಾತಾಳಣ್ಣನನ್ನು ಕರೆಸಿ, ಎಲ್ಲರ ಎದುರೇ, ನೆಲಮಾಳಿಗೆಯ ಬೀಗದ ಕೈ ಮೇಜಿನ ಮೇಲೆ ಇಡಲು ಹೇಳಿದರು. ಪಾತಾಳಣ್ಣ ಇಟ್ಟರು.

ಖಾಲಿ ಗ್ಲಾಸನ್ನು ಒಮ್ಮೆ ಮೂಸಿ ನೋಡುವ ಬುದ್ಧಿ ಅಷ್ಟು ಜನ ಘಟಾನುಘಟಿಗಳಲ್ಲಿ ಒಬ್ಬರಿಗೂ ಯಾಕೆ ಬರಲಿಲ್ಲ? ದೊಡ್ಡ ಸಾರ್ ಮುಖ ಕೆಳಗೆ ಹಾಕುತ್ತಾರೆ. "ಶುರುವಿನಲ್ಲಿ ಮೂಸ್ತಿದ್ದೆ. ಆಕೆ ಮೂಸಿದ ಗ್ಲಾಸಿನಲ್ಲಿ ಯಾವತ್ತೂ ಏನೂ ಸಿಗಲಿಲ್ಲ. ಮತ್ತೆ ಮೂಸೋದು ಆಕೆಗೆ ಅವಮಾನ ಮಾಡಿದ ಹಾಗೆ ಅನ್ನಿಸಿ ಬಿಟ್ಟುಬಿಟ್ಟೆ. ಗೌರವ ಕೊಡೋಕೆ ಹೋಗಿ ಹೀಗಾಯ್ತು ನೋಡಿ." ಅಷ್ಟೂ ಜನಕ್ಕೆ ಗ್ಲಾಸಕ್ಕನ ಮೇಲೆ ಅಂಥ ನಂಬಿಕೆ.

ತೆರೆದ ಬಾಟಲಿಗಳನ್ನು ಮೋರಿಗೆ ಚೆಲ್ಲುವ ಕೆಲಸ ಯಾರ ಪಾಲಿಗೆ ಬಂತು? ಗ್ಲಾಸಕ್ಕನ ಪಾಲಿಗೇ. ತೊಳೆಯುವ ಮನೆಯಲ್ಲಿ ನಾಲ್ಕು ಬಾಟಲಿ ಬಗ್ಗಿಸಿಯಾಗಿತ್ತು. ಐದನೆಯದನ್ನು ಅರ್ಧ ಬಗ್ಗಿಸುವಷ್ಟರಲ್ಲಿ ಪಾತಾಳಣ್ಣ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ತಮ್ಮ ಹಿಡಿ ಮುರಿದ ಟೀ ಬಟ್ಟಲು.

"ಒಂದು ಗುಟುಕು ಕೊಡಮ್ಮ. ಇಷ್ಟು ವರ್ಷ ಕಾದಿದ್ದೀನಿ, ಕೆಟ್ಟದ್ದಾದ್ರೂ ಸರಿ, ಏನಾಗಿದೆ ಅಂತ ನೋಡ್ಬೇಕು."

ಕೊಟ್ಟರು. ಪಾತಾಳಣ್ಣ ಕುಡಿದರು. ಬಟ್ಟಲನ್ನು ಕೆಳಗಿಳಿಸಿ ಅದರೊಳಗೆ ನೋಡಿದರು, ಮತ್ತೆ ಕುಡಿದರು.

"ಇದು ಕೆಟ್ಟಿಲ್ಲ," ಎಂದರು. "ದೇವರಾಣೆ ಕೆಟ್ಟಿಲ್ಲ. ನೀನೇ ಮೂಸು. ನಿನ್ನ ಮೂಗಿಗಿಂತ ಸಾಕ್ಷಿ ಬೇಕಾ?"

ಗ್ಲಾಸಕ್ಕ ಬಟ್ಟಲಿಗೆ ಮೂಗು ಇಟ್ಟರು. ಏನೂ ಇಲ್ಲ. ಇನ್ನೊಮ್ಮೆ ಎಳೆದರು. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಒಳಗಿನವರು ಕೊಳೆತಿದೆ ಎನ್ನುವ, ಎದುರಿಗಿದ್ದವರು ಅಮೃತ ಎನ್ನುವ ವೈನು ಅವರ ಮೂಗಿಗೆ ತೊಳೆದಿಟ್ಟ ಗ್ಲಾಸಿನ ಹಾಗಿತ್ತು.

"ಆ ಗಳಿಗೆ ಹೇಗೆ ಹೇಳ್ಲಿ," ಎನ್ನುವಾಗ ಅವರ ಕೈ ತಾನಾಗಿ ಎದೆಗೆ ಹೋಗುತ್ತದೆ. "ಆಚೆ ಅಡುಗೆಮನೆಯ ಬೆಳ್ಳುಳ್ಳಿ ಡಬ್ಬಿಗೆ ಓಡಿದೆ, ಮೂಸಿದೆ, ಇಲ್ಲ. ಸೀಮೆಎಣ್ಣೆ ಮೂಸಿದೆ, ಇಲ್ಲ. ಬಕೆಟ್ಟು ಮೂಸಿದೆ, ಅದೂ ಇಲ್ಲ! ಅಷ್ಟರಲ್ಲಿ ಪಾತಾಳಣ್ಣ ನಾನು ಒರೆಸಿಟ್ಟ ಒಂದು ಗ್ಲಾಸು ತಗೊಂಡು ಅದೇ ಬಾಟ್ಲಿಯಿಂದ ಹಾಕ್ಕೊಂಡ್ರು. ಮೂಗಿಗೆ ಹಿಡಿದವರೇ ಮುಖ ಕಿವುಚಿದ್ರು. ಆಮೇಲೆ ಖಾಲಿ ಗ್ಲಾಸು ಮೂಸಿದ್ರು. ಆಮೇಲೆ ನನ್ನ ಹೆಗಲ ಮೇಲಿದ್ದ ಬಟ್ಟೆ ಮೂಸಿದ್ರು. ನನ್ನ ಮುಖ ನೋಡಿದ್ರು ಅಷ್ಟೆ."

ಆ ಹೊತ್ತಿನಲ್ಲಿ ಎರಡು ದಾರಿ ಇದ್ದವು. ಬಟ್ಟೆಯನ್ನು ಒಲೆಗೆ ಹಾಕಿ, ಗ್ಲಾಸುಗಳನ್ನು ಮತ್ತೊಮ್ಮೆ ತೊಳೆದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೀಗದ ಕೈ ಹೋದ ಮುದುಕರು ಮನೆಗೆ ಹೋಗುತ್ತಿದ್ದರು, ಅವರ ಮಾತನ್ನು ಯಾರೂ ನಂಬುತ್ತಿರಲಿಲ್ಲ. ನಿಜ ಹೇಳಿದರೆ ಮೂಗಿಲ್ಲದವಳಿಗೆ ಮೂಸುವ ಕೆಲಸ ಯಾರು ಕೊಡುತ್ತಾರೆ? ಮಗನ ದುಡಿಮೆ ಇನ್ನೂ ನೆಟ್ಟಗಾಗಿರಲಿಲ್ಲ, ಮನೆಯ ಭಾರ ಅವರ ಮೇಲೆಯೇ ಇತ್ತು. ಪಾತಾಳಣ್ಣ ಒತ್ತಾಯ ಮಾಡಲಿಲ್ಲ.

ಗ್ಲಾಸಕ್ಕ ಆ ಮುಗ್ಗಲು ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಿಳಿ ಕೋಣೆಗೆ ನಡೆದರು. ಯಾರೂ ಮಾತಾಡಿಸದೆ ಯಾವತ್ತೂ ಅಲ್ಲಿ ಬಾಯಿ ತೆರೆದವರಲ್ಲ. "ವೈನು ಕೆಟ್ಟಿಲ್ಲ ಸಾರ್. ನನ್ನ ಮೂಗು ಕೆಟ್ಟಿದೆ," ಎಂದರು.

ಆ ಕೋಣೆಗೆ ಸಿಡಿಲು ಬಡಿದಂತಾಯಿತು ಎಂದು ದೊಡ್ಡ ಸಾರ್ ಹೇಳುತ್ತಾರೆ. ದೊಡ್ಡ ಸಾರ್ ತಾವೇ ತೊಳೆಯುವ ಮನೆಗೆ ಹೋಗಿ, ತೋಳು ಮಡಚಿ, ಗ್ಲಾಸುಗಳನ್ನು ಬಿಸಿನೀರಿನಲ್ಲಿ ತೊಳೆದು, ಒರೆಸದೆ ಗಾಳಿಗೇ ಒಣಗಿಸಿ, ಒಂದೊಂದನ್ನೂ ಮೂಸಿ ತಂದಿಟ್ಟರು. ಉಳಿದಿದ್ದ ಕೊನೆಯ ಬಾಟಲಿಯನ್ನು ಪಾತಾಳಣ್ಣನ ಕೈಯಿಂದಲೇ ತೆರೆಸಿದರು. ಹಳೆಯ ಬಿರಡೆ ಅರ್ಧಕ್ಕೆ ಮುರಿಯಿತು. ಉಳಿದರ್ಧವನ್ನು ನಿಧಾನಕ್ಕೆ ಎಳೆದು ತೆಗೆದರು. ತಳದ ಗಸಿ ಏಳದಂತೆ ಬಗ್ಗಿಸಿದರು.

"ಮೊದಲು ಕಾಡುಹಣ್ಣು," ಎನ್ನುತ್ತಾರೆ ದೊಡ್ಡ ಸಾರ್, ಈಗಲೂ ಗ್ಲಾಸು ಕೈಯಲ್ಲಿದ್ದಂತೆ ಬೆರಳು ತಿರುಗಿಸುತ್ತಾ. "ಅದರ ಹಿಂದೆ ಆಗಷ್ಟೇ ಕೆತ್ತಿದ ಪೆನ್ಸಿಲಿನ ಸಿಪ್ಪೆ. ಆಮೇಲೆ ಒಣ ತಂಬಾಕಿನ ಎಲೆ, ಹಳೇ ಚರ್ಮದ ಚೀಲ. ಒಗರು ಇತ್ತು, ಆದ್ರೆ ರೇಷ್ಮೆಯಂಥ ಒಗರು. ನುಂಗಿದ ಮೇಲೂ ಎಷ್ಟೋ ಹೊತ್ತು ಬಾಯಲ್ಲಿ ನಿಂತಿತ್ತು. ಹೌದು, ನುಂಗಿದೆ. ಆ ದಿನ ಯಾರೂ ಉಗುಳಲಿಲ್ಲ. ಅದಕ್ಕಿಂತ ಮೇಲಿನ ದರ್ಜೆ ನಮ್ಮಲ್ಲಿ ಇರಲಿಲ್ಲ. ಅಂಥ ನಾಲ್ಕೂವರೆ ಬಾಟ್ಲಿ ಮೋರಿಗೆ ಹೋಗಿತ್ತು. ಒಬ್ಬರ ಮುಖ ಒಬ್ಬರು ನೋಡೋಕಾಗಲಿಲ್ಲ."

ಬೀಗದ ಕೈಯನ್ನು ದೊಡ್ಡ ಸಾರ್ ತಾವೇ ಎತ್ತಿ ಪಾತಾಳಣ್ಣನ ಅಂಗೈಯಲ್ಲಿಟ್ಟು, ಕೈ ಮುಗಿದರಂತೆ. ಗ್ಲಾಸಕ್ಕನನ್ನು ಆ ಕ್ಷಣವೇ ಮನೆಗೆ ಕಳಿಸಬೇಕೆಂದು ವ್ಯಾಪಾರಿ ಕೂಗಾಡಿದರು. ಆಗ ಅಡ್ಡ ನಿಂತವರು ಪಾತಾಳಣ್ಣ. "ಅವಳು ಬಾಯಿ ಮುಚ್ಕೊಂಡಿದ್ರೆ ನಿಮಗೆ ನಿಮ್ಮ ವೈನೂ ಇಲ್ಲ, ನಾನೂ ಇಲ್ಲ," ಎಂದರು. ಕೊನೆಗೆ ಮೂಗು ಮರಳುವವರೆಗೆ ನೆಲ ಒರೆಸಲಿ ಎಂದಾಯಿತು. ಮೊದಲು ಹಿಡಿದಿದ್ದ ಪೊರಕೆ, ಬಕೆಟ್ಟು ಮತ್ತೆ ಕೈಗೆ ಬಂದವು.

ಜ್ವರ ನೆಗಡಿಯಾದ ಮೇಲೆ ಹೀಗಾಗುವುದುಂಟು ಎಂದು ವೈದ್ಯರು ಹೇಳಿದರು. ಲವಂಗ, ನಿಂಬೆ ಸಿಪ್ಪೆ, ಕಾಫಿಪುಡಿಯನ್ನು ದಿನವೂ ತಪ್ಪದೆ ಮೂಸುತ್ತಿರಿ, ಬಂದರೆ ಬಂತು ಎಂದರು. ಗ್ಲಾಸಕ್ಕ ಅದರ ಜೊತೆಗೆ ಆ ಮುಗ್ಗಲು ಬಟ್ಟೆಯನ್ನೂ ಭರಣಿಗೆ ಹಾಕಿಟ್ಟುಕೊಂಡು ಮೂಸತೊಡಗಿದರು. ಲವಂಗ ಬರಲಿಲ್ಲ, ನಿಂಬೆ ಬರಲಿಲ್ಲ. ತಿಂಗಳುಗಳಾದ ಮೇಲೆ ಒಂದು ಬೆಳಗ್ಗೆ ಭರಣಿ ತೆರೆದಾಗ ನಾತ ಮೂಗಿಗೆ ಬಡಿಯಿತು. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ ಎನ್ನುತ್ತಾರೆ. ಗ್ಲಾಸಿನ ಕೆಲಸ ಮರಳಿ ಸಿಕ್ಕಿತು, ಆದರೂ ಆವತ್ತಿನಿಂದ ಭರಣಿಯನ್ನು ಬಿಟ್ಟಿಲ್ಲ. ಮೊದಲು ನಾತ, ಆಮೇಲೆ ಗ್ಲಾಸು. ನಾತ ಸಿಗದ ದಿನ ಗ್ಲಾಸು ಮುಟ್ಟುವುದಿಲ್ಲ ಎಂದು ತಮಗೆ ತಾವೇ ಹಾಕಿಕೊಂಡ ಕಟ್ಟಳೆ.

ವ್ಯಾಪಾರಿಯ ಮುಂದೆ ತಪ್ಪು ಒಪ್ಪಿಕೊಂಡಾಗಿದೆ, ಪಾತಾಳಣ್ಣನ ಕಾಲು ಮುಟ್ಟಿಯಾಗಿದೆ. ಸೊಸೆಯ ಮುಂದೆ? ಆ ಪ್ರಶ್ನೆಗೆ ಗ್ಲಾಸಕ್ಕ ಬಟ್ಟೆ ಕೊಡವುತ್ತಾ ಬೇರೆ ಕಡೆ ನೋಡುತ್ತಾರೆ. "ಮೂಗು ಹೋಗಿತ್ತು ಅಂತ ಅವಳಿಗೂ ಗೊತ್ತಾಯ್ತಲ್ಲ. ಅರ್ಥ ಮಾಡ್ಕೊಂಡಿರ್ತಾಳೆ." ಒಲೆಯ ಮುಂದಿನ ಕೂಗು ಮಾತ್ರ ಇನ್ನೂ ಮರಳಿಲ್ಲ. ಸೊಸೆ ಊಟಕ್ಕೆ ಬಡಿಸುತ್ತಾಳೆ, ಔಷಧಿ ಕೊಡುತ್ತಾಳೆ, ಕೇಳಿದ್ದಕ್ಕೆ ಉತ್ತರ ಹೇಳುತ್ತಾಳೆ. ಸರಿ ಇದೆಯಾ ಎಂದು ಕೇಳುವುದಿಲ್ಲ.

ಈ ಬರಹಕ್ಕಾಗಿ ಎರಡನೆಯ ಸಲ ಹೋದ ಬೆಳಗ್ಗೆ ರುಚಿಕೋಣೆಯಲ್ಲಿ ಗಡಿಬಿಡಿ. ಮತ್ತೊಂದು ಹಳೆಯ ಬೋರ್ಡೋ ಮೇಜಿಗೆ ಬರಲಿದೆ, ಹೊರಗಿನಿಂದಲೂ ರುಚಿಗಾರರು ಬರುತ್ತಾರೆ. ಗ್ಲಾಸಕ್ಕನ ದನಿ ಒಡೆದಿದೆ, ಎರಡು ದಿನದಿಂದ ನೆಗಡಿ. ಭರಣಿ ತೆಗೆಯುತ್ತಾರೆ, ಮುಚ್ಚಳ ತಿರುಗಿಸುತ್ತಾರೆ, ಎಳೆದುಕೊಳ್ಳುತ್ತಾರೆ. ಮುಖ ಅರಳುವುದಿಲ್ಲ. ಇನ್ನೊಮ್ಮೆ ಎಳೆದುಕೊಳ್ಳುತ್ತಾರೆ. ಪಕ್ಕದಲ್ಲಿ ನಿಂತವರು ಮೂಗು ಮುಚ್ಚಿಕೊಂಡಿದ್ದಾರೆ, ಗ್ಲಾಸಕ್ಕನಿಗೆ ಮಾತ್ರ ಏನೂ ಇಲ್ಲ. ಇಂಥ ದಿನವೇ!

ಗ್ಲಾಸಕ್ಕ ಮುಚ್ಚಳ ಬಿಗಿಯುತ್ತಾರೆ. ನೇರ ಬಿಳಿ ಕೋಣೆಗೆ ಹೋಗಿ ದೊಡ್ಡ ಸಾರ್ ಮುಂದೆ ನಿಲ್ಲುತ್ತಾರೆ. "ಇವತ್ತು ಮೂಗಿಲ್ಲ ಸಾರ್."

"ಹಾಗಾದ್ರೆ ಯಾರು ಮೂಸ್ತಾರೆ? ನಾವು ಮೂಸ್ತೀವಿ ಬಿಡಿ, ಆದ್ರೂ ಮೊದಲು ಒಬ್ಬರು..."

"ಸೊಸೆಗೆ ಹೇಳಿ ಕಳಿಸ್ತೀನಿ. ನಮ್ಮನೇಲಿ ನನ್ನ ಬಿಟ್ರೆ ಮೂಗು ಇರೋದು ಅವಳಿಗೇ."

ಸೊಸೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿಬರುತ್ತಾಳೆ. ಅತ್ತೆ ತೊಳೆದು ಒರೆಸಿ ಕೊಡುತ್ತಾರೆ, ಸೊಸೆ ಮೂಸಿ ಸಾಲಿಗೆ ಇಡುತ್ತಾಳೆ. ಹತ್ತಾರು ಗ್ಲಾಸಾದ ಮೇಲೆ ಒಂದರ ಬಳಿ ಸೊಸೆಯ ಕೈ ತಡೆಯುತ್ತದೆ. ಮತ್ತೆ ಮೂಸುತ್ತಾಳೆ. ಅತ್ತೆಯ ಮುಖ ನೋಡಿ, ಹಿಂಜರಿದು, ಗ್ಲಾಸನ್ನು ವಾಪಸ್ಸು ಚಾಚುತ್ತಾಳೆ. ಗ್ಲಾಸಕ್ಕ ಅದನ್ನು ಬಿಸಿನೀರಿಗೆ ಇಳಿಸಿ, ತೊಳೆದು, ಬೇರೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಅವಳ ಮುಂದೆ ಹಿಡಿಯುತ್ತಾರೆ.

"ಒಂಚೂರು ನೋಡಮ್ಮ, ಸರಿ ಇದೆಯಾ?"

"ಈಗ ಸರಿ ಇದೆ ಅತ್ತೆ."

ಗ್ಲಾಸಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಚುತ್ತಾರೆ. "ನಿನ್ನ ಅಡುಗೆನೂ ಸರಿಯಾಗೇ ಇತ್ತು. ಆವತ್ತೂ ಸರಿಯಾಗೇ ಇತ್ತು," ಎನ್ನುತ್ತಾರೆ, ನೀರಿನ ತೊಟ್ಟಿಯನ್ನು ನೋಡುತ್ತಾ.

"ನನಗೆ ಗೊತ್ತಿತ್ತು ಅತ್ತೆ," ಎನ್ನುತ್ತಾಳೆ ಸೊಸೆ, ಮುಂದಿನ ಗ್ಲಾಸಿಗೆ ಕೈ ಚಾಚಿ. "ನೀವು ಹೇಳ್ಲಿ ಅಂತ ಕಾಯ್ತಿದ್ದೆ."